ತಮ್ಮನೆಂದು ಬರೆಸಿಕೊಂಡವನು

ಶಂಕರಪುರ
೨೦ ನವೆಂಬರ್ ೧೯೮೩

ಪ್ರೀತಿಯ ಕಾಯೆತಾನ್,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಉತ್ತರ ತಡವಾದದ್ದಕ್ಕೆ ಶಾಲೆ ಕಾರಣವಲ್ಲ, ನನ್ನ ವ್ಯಾಪಾರಿಗಳು ಕಾರಣ. ನಗಬೇಡ. ಎಂಟನೇ ತರಗತಿಯ ಸಮಾಜ ಪಾಠದಲ್ಲಿ ಯುರೋಪಿನ ವ್ಯಾಪಾರಿಗಳು ನೆಲದ ದಾರಿ ಹಿಡಿದು ಏಷ್ಯಾಕ್ಕೆ ಬಂದರು ಎಂದು ನಾಲ್ಕು ಸಾಲು ಉಂಟು. ಹನ್ನೊಂದು ವರ್ಷದಿಂದ ಆ ನಾಲ್ಕು ಸಾಲು ಪಾಠ ಮಾಡುತ್ತಿದ್ದೇನೆ. ಪ್ರತಿ ವರ್ಷ ಒಂದು ಮಗುವಾದರೂ ಎದ್ದು ನಿಂತು, "ಟೀಚರ್, ಅವರು ದಾರಿಯಲ್ಲಿ ಎಂತ ತಿನ್ನುತ್ತಿದ್ದರು?" ಎಂದು ಕೇಳುತ್ತದೆ. ನಾನು "ಕೂತ್ಕೋ" ಎನ್ನುತ್ತಿದ್ದೆ. ಈಗ ಮಕ್ಕಳಿಗೆಂದು ಎಂಬತ್ತು ಪುಟದ ಪುಸ್ತಕ ಬರೆಯಲು ಕೂತ ಮೇಲೆ ಗೊತ್ತಾಯಿತು. ಹಿಟ್ಟು ಮತ್ತು ಉಪ್ಪು ಹಾಕಿದ ಮೀನು. ನಮ್ಮ ಒಣಮೀನೇ ಮಾರಾಯ. ಇಪ್ಪತ್ತೈದು ದಿನಕ್ಕೆ ಸಾಕಾಗುವಷ್ಟು ಕಟ್ಟಿಕೊಂಡು ಹೊರಡುತ್ತಿದ್ದರಂತೆ.

ವೆನಿಸಿನವರು, ಜಿನೋವಾದವರು. ಕಪ್ಪು ಸಮುದ್ರದ ತನಕ ಹಡಗು, ಅಲ್ಲಿಂದ ಎತ್ತಿನ ಗಾಡಿ, ಒಂಟೆ, ಕತ್ತೆ. ಚೀನಾ ಮುಟ್ಟಲು ಎಂಟೊಂಬತ್ತು ತಿಂಗಳು. ಕೆಲವರು ಪರ್ಷಿಯಾದ ಒಳಗಿಂದ ಹೋರ್ಮುಜ್‌ಗೆ ಇಳಿದು, ಅಲ್ಲಿ ನಮ್ಮ ಕರಾವಳಿಯ ಕಡೆಗೆ ಹಡಗು ಹತ್ತುತ್ತಿದ್ದರು. ಹೋರ್ಮುಜ್ ಎಂದರೆ ಅರಬ್ಬರ ನಾಡಿನಲ್ಲಿ ನೀನು ದುಡಿಯುವ ಅಲ್ ಖೋಬರಿನ ಸಮುದ್ರದ ಇನ್ನೊಂದು ತುದಿ. ಮರಳುಗಾಳಿ ಎದ್ದಾಗ ಅಲ್ಲಿ ಹೇಗಿರುತ್ತದೆ, ಎಷ್ಟು ದೂರ ಕಾಣುತ್ತದೆ ಎಂದು ನಾಲ್ಕು ಮಾತು ಬರೆದು ಕಳಿಸು. ಪುಸ್ತಕಕ್ಕೆ ಬೇಕು.

ಹೋಗಿಬಂದವರು ಹೊಸಬರಿಗೆ ಹೇಳುತ್ತಿದ್ದ ಬುದ್ಧಿಮಾತುಗಳನ್ನು ಓದಿದರೆ ನಿನಗೆ ನಗು ಬರುತ್ತದೆ. ಗಡ್ಡ ಬೋಳಿಸಬೇಡ, ಉದ್ದ ಬಿಡು. ದುಭಾಷಿಯನ್ನು ಇಟ್ಟುಕೊಳ್ಳುವಾಗ ಜಿಪುಣತನ ಮಾಡಬೇಡ, ಒಳ್ಳೆಯವನನ್ನೇ ಹಿಡಿ. ಇನ್ನೊಂದು ಪದ್ಧತಿ ಓದಿ ಮಾತ್ರ ನನಗೆ ಕಣ್ಣು ತುಂಬಿತು. ವ್ಯಾಪಾರಿ ದಾರಿಯಲ್ಲಿ ಸತ್ತರೆ ಅವನ ಸಾಮಾನೆಲ್ಲ ಆ ಸೀಮೆಯ ದೊರೆಯ ಪಾಲು. ಜೊತೆಯಲ್ಲಿ ಒಡಹುಟ್ಟಿದವನಿದ್ದರೆ ಮಾತ್ರ ಅವನ ಕೈಗೆ ಕೊಡುತ್ತಿದ್ದರು. ಹಾಗಾಗಿ ಗೆಳೆಯನೊಬ್ಬ ಮುಂದೆ ಬಂದು "ನಾನು ಇವನ ತಮ್ಮ" ಎಂದುಬಿಡುತ್ತಿದ್ದನಂತೆ. ಅಷ್ಟು ಹೇಳಿದರೆ ಸಾಕಿತ್ತು. ಊರು ಬಿಟ್ಟವರಿಗೆ ಅಷ್ಟಾದರೂ ಇತ್ತಲ್ಲ ಎಂದುಕೊಂಡೆ.

ಪಕ್ಕದ ಮನೆಯ ಬೆಲಿಂಡಾ ನಿನ್ನನ್ನು ವಿಚಾರಿಸಿದಳು. ಅವಳ ಮಗಳು ಲವೀನಾ ಇಗರ್ಜಿಯಲ್ಲಿ ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವುದು ಜನವರಿ ೨೨ರ ಭಾನುವಾರ. ಫ್ರಾಕಿಗೆ ಬಿಳಿ ಬಟ್ಟೆ ಕಳಿಸಲು ಗಂಡ ಮಥಾಯಸನಿಗೆ ಮೂರು ಕಾಗದ ಬರೆದಾಗಿದೆ. ಅವನು ಮರೆತರೆ ನೀನು ನೆನಪು ಮಾಡು, ಒಂದೇ ಕೋಣೆಯಲ್ಲಿ ಇರುವವರು ನೀವು. ಮತ್ತೆ ಮೇ ತಿಂಗಳಲ್ಲಿ ಕೆಲಸ ಬಿಟ್ಟು ಬಂದೇ ಬರುತ್ತೇನೆ ಎಂದದ್ದು ಈ ಸಲವಾದರೂ ನಿಜ ಮಾಡು. ನಿನಗೆ ಮೂವತ್ತಮೂರಾಯಿತು.

ನಿನ್ನ ಅಕ್ಕ
ಮೆಟಿಲ್ಡಾ


ಅಲ್ ಖೋಬರ್
೯ ಡಿಸೆಂಬರ್ ೧೯೮೩, ಶುಕ್ರವಾರ

ಪ್ರೀತಿಯ ಅಕ್ಕ,

ಇವತ್ತು ರಜೆ. ನಿನ್ನ ಕಾಗದವನ್ನು ಕೋಣೆಯವರಿಗೆಲ್ಲ ಓದಿ ಹೇಳಿದೆ. ಕಟಪಾಡಿಯ ಯಹ್ಯಾ, ನಮ್ಮ ಮೆಸ್ಸಿನ ಅಡುಗೆಯವನು, ಒಣಮೀನಿನ ವಿಷಯ ಬಂದಕೂಡಲೇ ಎದ್ದು ಕೂತ. "ಇಪ್ಪತ್ತೈದು ದಿನಕ್ಕೆ ಎಷ್ಟು ಮೀನು ಬೇಕು ಅಂತ ಅಕ್ಕನಿಗೆ ನಾನು ಲೆಕ್ಕ ಹಾಕಿ ಕೊಡ್ತೇನೆ" ಎನ್ನುತ್ತಾನೆ. ಮಥಾಯಸನ ಪ್ರಶ್ನೆ ಬೇರೆ. "ಆ ವ್ಯಾಪಾರಿಗಳಿಗೆ ಇಕಾಮಾ ಇತ್ತಾ ಕೇಳು." ವಾಸದ ಪರವಾನಗಿಯ ಆ ಪುಸ್ತಕ ಅಂಗಿಯ ಕಿಸೆಯಲ್ಲಿ ಇಲ್ಲದೆ ನಾವು ಇಲ್ಲಿ ಸೋಪು ತರಲಿಕ್ಕೂ ಹೋಗುವ ಹಾಗಿಲ್ಲ. ಅವರೆಲ್ಲ ಹಾಗೇ ಬೇಲಿ ದಾಟಿ ಚೀನಾಕ್ಕೆ ಹೋದರಾ?

ಮರಳುಗಾಳಿ ಕೇಳಿದಿ. ಬಂದರೆ ಎದುರಿನ ಗೋದಾಮು ಕಾಣುವುದಿಲ್ಲ. ಹಲ್ಲಿನ ಸಂದಿಯಲ್ಲಿ ಮರಳು, ಅನ್ನದಲ್ಲಿ ಮರಳು, ನನ್ನ ಸ್ಟೋರಿನ ರಿಜಿಸ್ಟರಿನ ಹಾಳೆಗಳ ನಡುವೆ ಮರಳು. ಮಥಾಯಸನಿಗೆ ಆ ದಿನ ಕೆಲಸ ಜಾಸ್ತಿ, ಛಾವಣಿಯ ಮೇಲಿನ ಏಸಿಗಳೆಲ್ಲ ಕಟ್ಟಿಕೊಳ್ಳುತ್ತವೆ. ಮುಖಕ್ಕೆ ಬೈರಾಸು ಕಟ್ಟಿಕೊಂಡು ಹತ್ತುತ್ತಾನೆ. ಇಷ್ಟು ಸಾಕಾ ಪುಸ್ತಕಕ್ಕೆ?

ಆ ತಮ್ಮನ ಕಥೆ ಓದಿದಾಗ ಮಥಾಯಸ್ ಜೋರಾಗಿ ನಕ್ಕ. "ಕಾಯೆತಾ, ನನ್ನ ಸರಕು ಅಂತ ಎರಡು ಲುಂಗಿ, ಒಂದು ಟೇಪ್‌ರೆಕಾರ್ಡರ್. ತಮ್ಮ ಆಗದೆಯೇ ತಗೋ ಮಾರಾಯ" ಎಂದ. ಬಿಳಿ ಬಟ್ಟೆ ಹೋದ ವಾರವೇ ತೆಗೆದಿದ್ದಾನೆ, ಪಾರ್ಸೆಲ್ ಹೊರಟಿದೆ. ಮೂರು ಅಂಗಡಿ ಹತ್ತಿಸಿ ನನ್ನ ಕಾಲು ಮುರಿದ ಎಂದು ಬೆಲಿಂಡಾಗೆ ಹೇಳು.

ಮೇ ತಿಂಗಳಿಗೆ ಬರುತ್ತೇನೆ. ದೇವರಾಣೆ. ವೀಸಾ ಕೊಟ್ಟು ಕರೆಸಿಕೊಂಡ ನನ್ನ ಕಫೀಲನಿಗೂ ಹೇಳಿಯಾಗಿದೆ.

ನಿನ್ನ
ಕಾಯೆತಾನ್


ಶಂಕರಪುರ
೧೦ ಜನವರಿ ೧೯೮೪

ಪ್ರೀತಿಯ ಕಾಯೆತಾನ್,

ಮರಳುಗಾಳಿಯನ್ನು ಹಾಗೇ ಎತ್ತಿ ಮೂರನೇ ಅಧ್ಯಾಯಕ್ಕೆ ಹಾಕಿದೆ. ಹೆಡ್‌ಮಿಸ್ ಓದಿ, "ನೀವು ಯಾವಾಗ ಅಲ್ಲಿಗೆ ಹೋಗಿದ್ದು?" ಎಂದು ಕೇಳಿದರು.

ಮಥಾಯಸನಿಗೆ ಹೇಳು, ಅವರಿಗೂ ಇಕಾಮಾ ಇತ್ತು. ಮಂಗೋಲ ದೊರೆಗಳು ಕೆಲವರಿಗೆ ಲೋಹದ ಒಂದು ಫಲಕ ಕೊಡುತ್ತಿದ್ದರು. ತೋರಿಸಿದರೆ ಕುದುರೆ, ಊಟ, ದಾರಿ ಎಲ್ಲ ಸಿಗುತ್ತಿತ್ತು. ಇಲ್ಲದವನ ಗತಿ ದೇವರಿಗೇ ಪ್ರೀತಿ.

ಬಟ್ಟೆ ಬಂತು. ಹೊಳಪು ನೋಡಿ ಬೆಲಿಂಡಾ ಮೊದಲು ಬೈದಳು, ಇಷ್ಟು ಬೆಲೆಯದ್ದು ಯಾಕೆ ಎಂದು. ಆಮೇಲೆ ರಸ್ತೆಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದಳು. ಲವೀನಾ ಅದನ್ನು ಮುಟ್ಟುವ ಮೊದಲು ಕೈ ತೊಳೆದುಕೊಂಡು ಬರುತ್ತಾಳೆ. ಆ ದಿನಕ್ಕೆ ಮಲ್ಲಿಗೆಯ ಕಿರೀಟ ನಮ್ಮ ಗಿಡದ್ದೇ ಆಗಬೇಕು ಎಂದು ಬೆಲಿಂಡಾ ಈಗಲೇ ಗಿಡಗಳಿಗೆ ಎರಡು ಹೊತ್ತು ನೀರು ಹಾಕುತ್ತಿದ್ದಾಳೆ. ಫೋಟೋ ತೆಗೆಸಿ ಕಳಿಸುತ್ತೇವೆ, ಅಪ್ಪನಿಗೆ ತೋರಿಸು.

ನಿನ್ನ ಅಕ್ಕ


ಅಲ್ ಖೋಬರ್
೧೧ ಜನವರಿ ೧೯೮೪

ಅಕ್ಕ,

ಇದನ್ನು ಯಹ್ಯಾನ ಕೈಯಲ್ಲಿ ಕೊಡುತ್ತಿದ್ದೇನೆ. ನಾಳೆ ಅವನು ರಜೆಯಲ್ಲಿ ಊರಿಗೆ ಹೊರಡುತ್ತಾನೆ, ಅಂಚೆಗಿಂತ ಎರಡು ವಾರ ಮೊದಲು ಮುಟ್ಟುತ್ತದೆ. ಒಬ್ಬಳೇ ಇರುವಾಗ ಓದು.

ಮಥಾಯಸ್ ಹೋದ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ. ಛಾವಣಿಯಿಂದ ಇಳಿದು ಬಂದು ಎದೆ ಬಿಗಿಯುತ್ತದೆ ಎಂದ. ನನ್ನ ಸ್ಟೋರಿನ ನೆರಳಲ್ಲಿ ಕೂತು ನೀರು ಕುಡಿದ. ವ್ಯಾನಿಗೆ ಹತ್ತಿಸುವಾಗ ಮಾತಾಡುತ್ತಿದ್ದ. ಆಸ್ಪತ್ರೆಯ ಗೇಟಿನ ಹತ್ತಿರ ಮಾತು ನಿಂತಿತು.

ಅಲ್ಲಿ ಕೌಂಟರಿನವನು ನೀನು ಯಾರು ಎಂದು ಕೇಳಿದ. ಒಂದೇ ಕೋಣೆಯವನು ಎಂದೆ. ಕೈ ಬೀಸಿ ಹೋಗು ಎಂದ. ಕಣ್ಣೆದುರಿಗೇ ಅವನ ಕೈಯಿಂದ ಮದುವೆಯ ಉಂಗುರ ತೆಗೆದು ಲಕೋಟೆಗೆ ಹಾಕಿ, ಬಟ್ಟೆ ಮುಚ್ಚಿ ತಳ್ಳಿಕೊಂಡು ಹೊರಟರು. ಎಲ್ಲಿಗೆ ಎಂದು ಕೇಳಿದರೆ ಯಾರೂ ಹೇಳುವುದಿಲ್ಲ. ನನಗೆ ನಿನ್ನ ವ್ಯಾಪಾರಿಗಳ ನೆನಪಾಯಿತು. "ನಾನು ಇವನ ತಮ್ಮ" ಎಂದೆ. ಇಬ್ಬರ ಇಕಾಮಾವನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಅವನ ಅಪ್ಪ ಪಾಸ್ಕಲ್, ನಮ್ಮ ಅಪ್ಪನೂ ಪಾಸ್ಕಲ್. ನಮ್ಮ ಇಗರ್ಜಿಯ ಪುಸ್ತಕದಲ್ಲಿ ಏಳು ಜನ ಪಾಸ್ಕಲ್ ಇದ್ದಾರೆ ಎಂದು ಅವನಿಗೆ ಏನು ಗೊತ್ತು? ಎದ್ದು ನಿಂತು ನನ್ನ ಭುಜ ಮುಟ್ಟಿ, ಕುರ್ಚಿ ಕೊಟ್ಟ.

ನೀನು ಬರೆದದ್ದು ಸುಳ್ಳಲ್ಲ ಅಕ್ಕ. ಉಂಗುರ, ಗಡಿಯಾರ, ಟೇಪ್‌ರೆಕಾರ್ಡರ್ ಎಲ್ಲ ನನ್ನ ಕೈಗೇ ಕೊಟ್ಟರು. ಕಂಪನಿಯ ಕಾಗದಪತ್ರ ಓಡಾಡಿಸುವ ಹೈದರಾಬಾದಿನ ಅತೀಕುರ್ರಹ್ಮಾನ್ ಮಧ್ಯಾಹ್ನ ಬಂದ. ಅರಬ್ಬಿ ಓದಲು ಬರುವವನು ಅವನೊಬ್ಬನೇ. ಅವನು ತೋರಿಸಿದಲ್ಲೆಲ್ಲ ಸಹಿ ಹಾಕಿದೆ, ಆರೋ ಏಳೋ ಹಾಳೆ. ಮನೆಗೆ ತಂತಿ ಕೊಡಬೇಕು ಎಂದು ಆಫೀಸಿನವರು ಹೇಳಿದಾಗ, "ತಮ್ಮನೇ ಇದ್ದಾನಲ್ಲ, ಅವನು ತಿಳಿಸುತ್ತಾನೆ" ಎಂದು ಅತೀಕ್ ಹೇಳಿಬಿಟ್ಟ. ನಾನೂ ಹೂಂ ಎಂದೆ. ತಂತಿ ತರುವವನು ಪೇಟೆಯಿಂದಲೇ ಹೇಳಿಕೊಂಡು ಬರುತ್ತಾನೆ. ನಮ್ಮ ಅಪ್ಪ ತೀರಿಕೊಂಡ ಸುದ್ದಿ ನಮಗಿಂತ ಮೊದಲು ಸೋಡಾ ಅಂಗಡಿಗೆ ಮುಟ್ಟಿತ್ತು, ನೆನಪುಂಟಲ್ಲ. ಬೆಲಿಂಡಾಗೆ ಹಾಗೆ ಆಗಬಾರದು. ನೀನೇ ಹೇಳು, ಕೈ ಹಿಡಿದುಕೊಂಡು ಹೇಳು.

ಅವನನ್ನು ಊರಿಗೆ ಕಳಿಸಲೇಬೇಕು. ಇಲ್ಲಿ ನಮಗೆ ಇಗರ್ಜಿ ಇಲ್ಲ, ಪಾದ್ರಿ ಇಲ್ಲ. ಅದಕ್ಕೆ ಹೆಂಡತಿಯ ಅಧಿಕಾರಪತ್ರ ಬೇಕಂತೆ, ನೋಟರಿ ಮಾಡಿಸಿ, ತಹಶೀಲ್ದಾರರ ಸಹಿ ಹಾಕಿಸಿ. ಒಂದು ದಿನವೂ ತಡ ಮಾಡಬೇಡ. ಅವನು ಶೀತಪೆಟ್ಟಿಗೆಯಲ್ಲಿ ಇದ್ದಾನೆ, ನೋಡಲು ಬಿಟ್ಟರು. ಮುಖ ಹಾಗೇ ಉಂಟು.

ಕಾಯೆತಾನ್


ಶಂಕರಪುರ
೧೬ ಜನವರಿ ೧೯೮೪, ಸೋಮವಾರ

ಕಾಯೆತಾನ್,

ಇದನ್ನು ನಾನು ಅಂಚೆಗೆ ಹಾಕುವುದಿಲ್ಲ. ಯಾರಿಗಾದರೂ ಹೇಳಬೇಕು, ಹೇಳಲು ನನಗೆ ನಿನ್ನನ್ನು ಬಿಟ್ಟರೆ ಯಾರೂ ಇಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಯಹ್ಯಾ ಇವತ್ತು ಮಧ್ಯಾಹ್ನ ಬಂದ. ಬೊಂಬಾಯಿ ಬಸ್ಸಿನಿಂದ ಇಳಿದವನು ತನ್ನ ಮನೆಗೂ ಹೋಗಿರಲಿಲ್ಲ, ಸೂಟ್‌ಕೇಸು ಕೈಯಲ್ಲೇ ಇತ್ತು. ಕಾಗದವನ್ನು ಅಡುಗೆಮನೆಯಲ್ಲಿ ನಿಂತು ಓದಿದೆ. ಅದೇ ಹೊತ್ತಿಗೆ ಬೆಲಿಂಡಾ ಫ್ರಾಕಿನ ಅಂಚು ನನ್ನ ಮೆಷಿನಿನಲ್ಲಿ ಹೊಲಿಯಲೆಂದು ಅಂಗಳಕ್ಕೆ ಬಂದಳು. ಯಾರು ಬಂದದ್ದು ಎಂದು ಕೇಳಿದಳು. ಕಾಯೆತಾನ್ ಸೋಪು ಕಳಿಸಿದ್ದಾನೆ ಎಂದು ನನ್ನ ಬಾಯಿಗೆ ಬಂತು.

"ನಮ್ಮವರು ಎಂತ ಕಳಿಸ್ಲಿಲ್ವಾ?" ಎಂದು ಯಹ್ಯಾನನ್ನು ಕೇಳಿದಳು.

ಅವನು ನನ್ನ ಮುಖ ನೋಡಿದ. ನಾನು ತಲೆ ಅಲ್ಲಾಡಿಸಿದೆ. "ಇಲ್ಲ ಅಕ್ಕ, ನಾನು ಅವಸರದಲ್ಲಿ ಹೊರಟದ್ದು. ಅವರು ಸೌಖ್ಯ" ಎಂದ ಪಾಪ. ಗೇಟಿನ ತನಕ ಹೋಗಿ ಗೋಡೆ ಹಿಡಿದು ನಿಂತದ್ದನ್ನು ನಾನು ನೋಡಿದೆ. ಸದ್ಯಕ್ಕೆ ಯಾರಿಗೂ ಹೇಳಬೇಡ ಎಂದು ಅವನ ಕೈ ಹಿಡಿದು ಬೇಡಿಕೊಂಡೆ.

ಭಾನುವಾರ ಆ ಮಗುವಿನ ದಿನ. ಹನ್ನೆರಡು ಮಕ್ಕಳು ಬಿಳಿ ಬಟ್ಟೆಯಲ್ಲಿ ಸಾಲಾಗಿ ಹೋಗುತ್ತಾರೆ. ಇವತ್ತು ಹೇಳಿದರೆ ಲವೀನಾ ಕಪ್ಪು ತೊಟ್ಟುಕೊಂಡು ಮನೆಯಲ್ಲಿ ಕೂರುತ್ತಾಳೆ. ಆ ಬಟ್ಟೆ ತೆಗೆಯಲು ಅವಳ ಅಪ್ಪ ಮೂರು ಅಂಗಡಿ ಹತ್ತಿದ್ದಾನೆ. ಆರು ದಿನ. ಸತ್ತವನಿಗೆ ಆರು ದಿನದಲ್ಲಿ ಏನಾಗುತ್ತದೆ? ಬದುಕಿರುವ ಮಗುವಿಗೆ ಒಂದು ಭಾನುವಾರ ಸಿಗುತ್ತದೆ. ಹೀಗೆ ಯೋಚಿಸುತ್ತಿದ್ದೇನೆ. ಸರಿಯಾ ತಪ್ಪಾ ನನಗೆ ತಿಳಿಯುತ್ತಿಲ್ಲ.


ಶಂಕರಪುರ
೨೭ ಜನವರಿ ೧೯೮೪

ಪ್ರೀತಿಯ ಕಾಯೆತಾನ್,

ಬೆಲಿಂಡಾಗೆ ಮೊನ್ನೆ ಬುಧವಾರ ಹೇಳಿದೆ. ನಿನ್ನ ಕಾಗದ ನನ್ನ ಕೈಗೆ ಸಿಕ್ಕಿದ್ದೇ ಮಂಗಳವಾರ. ಯಹ್ಯಾ ಬೊಂಬಾಯಿಯಲ್ಲಿ ನೆಂಟರ ಮನೆಯಲ್ಲಿ ಉಳಿದುಕೊಂಡನಂತೆ.

ಅವಳು ಮಲ್ಲಿಗೆ ಕಟ್ಟುತ್ತಿದ್ದಳು. ನಾನು ಹೇಳಿದಕೂಡಲೇ ಅವಳ ಕೈ ನಿಂತಿತು, ಆಮೇಲೆ ಪುನಃ ಕಟ್ಟಲು ಶುರು ಮಾಡಿದಳು. ಹೂವು ಕೊಳ್ಳುವವನು ಸೈಕಲಿನಲ್ಲಿ ಬರುವ ಹೊತ್ತಾಗಿತ್ತು. ಮಾಲೆಗಳ ಅಟ್ಟೆ ಮುಗಿಸಿ, ಬಾಳೆಎಲೆಯಲ್ಲಿ ಸುತ್ತಿ, ಅವನ ಕೈಗೆ ಕೊಟ್ಟು ಬಂದಳು. ಆಮೇಲೆ ನನ್ನ ಎದುರು ನೆಲದ ಮೇಲೆ ಕೂತು, "ಯಾವಾಗ ತರ್ತಾರೆ?" ಎಂದು ಕೇಳಿದಳು. ಬೇರೆ ಏನೂ ಕೇಳಲಿಲ್ಲ. ಅತ್ತದ್ದು ಸಂಜೆ, ಲವೀನಾ ಶಾಲೆಯಿಂದ ಬಂದ ಮೇಲೆ.

ಇವತ್ತು ಅವಳನ್ನು ಉಡುಪಿಗೆ ಕರೆದುಕೊಂಡು ಹೋಗಿ ನೋಟರಿ ಮಾಡಿಸಿದೆ. ತಹಶೀಲ್ದಾರರ ಸಹಿ ಸೋಮವಾರ ಸಿಗುತ್ತದೆ. ಮಂಗಳವಾರ ರಿಜಿಸ್ಟರ್ ಅಂಚೆಗೆ ಹಾಕುತ್ತೇನೆ. ಹಿಂದೆ ಬರುವಾಗ ಅವಳು ಇಗರ್ಜಿಯ ಹತ್ತಿರ ಬಸ್ಸು ಇಳಿದು ಪಾದ್ರಿಗಳನ್ನು ಕಂಡಳು. ಮಥಾಯಸನ ಅಪ್ಪನ ಸಮಾಧಿಯ ಪಕ್ಕದಲ್ಲೇ ಜಾಗ ಕೊಡುತ್ತಾರೆ. ಅವಳು ಹೆಜ್ಜೆಯಲ್ಲಿ ಅಳೆದು ನೋಡಿ, "ಸಾಕು, ನನಗೂ ಆಗ್ತದೆ" ಎಂದಳು. ಅವಳಿಗೆ ಬೇರೇನೂ ಬೇಡ. ಅವನು ಬಂದರೆ ಸಾಕು.

ಅಕ್ಕ


ಅಲ್ ಖೋಬರ್
೧೦ ಫೆಬ್ರವರಿ ೧೯೮೪, ಶುಕ್ರವಾರ

ಪ್ರೀತಿಯ ಅಕ್ಕ,

ನಿನ್ನ ಕಾಗದ ಮೊನ್ನೆ ಬಂತು, ರಿಜಿಸ್ಟರ್ ಇನ್ನೂ ಬಂದಿಲ್ಲ. ಯಹ್ಯಾನ ವಿಷಯ ಓದಿ ರಕ್ತ ಕುದಿಯಿತು. ಹನ್ನೆರಡಕ್ಕೆ ಇಲ್ಲಿಂದ ವಿಮಾನ ಹತ್ತಿದವನು ಇಪ್ಪತ್ತನಾಲ್ಕರ ತನಕ ಬೊಂಬಾಯಿಯಲ್ಲಿ ಎಂತ ಮಾಡುತ್ತಿದ್ದ? ಅವನ ಕೈಯಲ್ಲಿ ಎಂತ ಕಾಗದ ಉಂಟು ಎಂದು ಅವನಿಗೆ ಗೊತ್ತಿತ್ತು. ವ್ಯಾನಿನಲ್ಲಿ ಮಥಾಯಸನ ತಲೆ ಅವನ ತೊಡೆಯ ಮೇಲೇ ಇತ್ತು. ಮಾರ್ಚಿನಲ್ಲಿ ಬರುತ್ತಾನಲ್ಲ, ಬರಲಿ. ಅವನು ಮಾಡಿದ ಅನ್ನ ನಾನು ಇನ್ನು ಉಣ್ಣುವುದಿಲ್ಲ.

ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗುತ್ತೇನೆ. ಕೌಂಟರಿನಲ್ಲಿ ಈಗ ಬೇರೆಯವನು. ಹೆಂಡತಿಯ ಕಾಗದ ಬರುತ್ತದೆ, ಸ್ವಲ್ಪ ಕಾಯಿರಿ ಎಂದು ನನಗೆ ಬರುವ ಅರಬ್ಬಿಯಲ್ಲಿ ಹೇಳುತ್ತೇನೆ. "ಬುಕ್ರಾ, ಬುಕ್ರಾ" ಎನ್ನುತ್ತಾನೆ, ನಾಳೆ ಎಂದು. ಯಾವುದು ನಾಳೆ ಎಂದು ನನಗೆ ಅರ್ಥವಾಗುವುದಿಲ್ಲ. ಅತೀಕ್ ಕಂಪನಿ ಕೆಲಸಕ್ಕೆ ನಜ್ರಾನ್‌ಗೆ ಹೋಗಿ ಮೂರು ವಾರವಾಯಿತು. ಕೇಳಿ ಹೇಳುವವರು ಯಾರೂ ಇಲ್ಲ.

ಕಾಯೆತಾನ್


ಅಲ್ ಖೋಬರ್
೨೪ ಫೆಬ್ರವರಿ ೧೯೮೪, ಶುಕ್ರವಾರ

ಅಕ್ಕ,

ಇದನ್ನು ನಾಲ್ಕು ಸಲ ಬರೆದು ಹರಿದೆ.

ರಿಜಿಸ್ಟರ್ ಹದಿನೆಂಟನೇ ತಾರೀಕು ಕೈಗೆ ಬಂತು. ಕೆಲಸ ಬಿಟ್ಟು ಟ್ಯಾಕ್ಸಿ ಹಿಡಿದು ಹೋದೆ. ಕೌಂಟರಿನವನು ಕಾಗದ ನೋಡಿದ, ಪುಸ್ತಕ ತೆರೆದ, ನನ್ನ ಕಡೆ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟ. ಹದಿಮೂರನೇ ತಾರೀಕು ಮಥಾಯಸನನ್ನು ಹೂಳಿಯಾಗಿತ್ತು. ಊರಾಚೆ ನಮ್ಮಂಥ ಬೇರೆ ಧರ್ಮದವರಿಗೆಂದು ಬಿಟ್ಟ ಜಾಗದಲ್ಲಿ. ಅವಧಿ ಮುಗಿದಿತ್ತು ಎಂದರು.

ಐದು ದಿನ ಅಕ್ಕ. ಐದೇ ದಿನ. ಅಂಚೆಯವರನ್ನು ನಾನು ಬೈಯುವುದಿಲ್ಲ, ಹದಿನೆಂಟು ದಿನದಲ್ಲಿ ತಂದು ಕೊಟ್ಟಿದ್ದಾರೆ. ಹನ್ನೆರಡು ದಿನ ಬೊಂಬಾಯಿಯಲ್ಲಿ ಕೂತು ಬಿರಿಯಾನಿ ತಿಂದವನು ಒಬ್ಬ ಇದ್ದಾನಲ್ಲ, ಅವನು ಕೊಂದದ್ದು. ಈ ಜನ್ಮದಲ್ಲಿ ಅವನ ಮುಖ ನೋಡುವುದಿಲ್ಲ.

ಬೆಲಿಂಡಾಗೆ ಏನು ಹೇಳಬೇಕೋ ನೀನೇ ಹೇಳು. ನನಗೆ ತಿಳಿಯುವುದಿಲ್ಲ.

ಕಾಯೆತಾನ್


ಶಂಕರಪುರ
೮ ಮಾರ್ಚ್ ೧೯೮೪

ಕಾಯೆತಾನ್,

ಯಹ್ಯಾ ಇನ್ನೆರಡು ವಾರದಲ್ಲಿ ಅಲ್ಲಿಗೆ ಬರುತ್ತಾನೆ. ಅದಕ್ಕೆ ಮೊದಲು ಇದು ನಿನಗೆ ಮುಟ್ಟಬೇಕು.

ಅವನು ಬೊಂಬಾಯಿಯಲ್ಲಿ ಒಂದು ದಿನವೂ ಹೆಚ್ಚಿಗೆ ನಿಲ್ಲಲಿಲ್ಲ. ಜನವರಿ ಹದಿನಾರಕ್ಕೆ ಮಧ್ಯಾಹ್ನ ಸೂಟ್‌ಕೇಸು ಕೈಯಲ್ಲಿ ಹಿಡಿದು ನನ್ನ ಬಾಗಿಲಿಗೇ ಬಂದ. ಕಾಗದ ಇಟ್ಟುಕೊಂಡವಳು ನಾನು. ಲವೀನಾಳ ಭಾನುವಾರ ಮುಗಿಯಲಿ ಎಂದು ಆರು ದಿನ. ಸೋಮವಾರ ಅವರ ಮನೆಯಲ್ಲಿ ನೆಂಟರಿದ್ದರು. ಮಂಗಳವಾರ ಅವಳ ಗೇಟಿನ ತನಕ ಹೋಗಿ ಧೈರ್ಯ ಸಾಲದೆ ಹಿಂದೆ ಬಂದೆ. ಒಟ್ಟು ಒಂಬತ್ತು ದಿನ. ನಿನಗೆ ಸುಳ್ಳು ಬರೆದೆ. ಆ ದಿನವೇ ಬರೆದು ಕಳಿಸದೆ ಇಟ್ಟ ಕಾಗದ ಇದರ ಜೊತೆ ಉಂಟು, ಓದಿ ನೋಡು. ನಿನಗೆ ಐದು ದಿನ ಬೇಕಿತ್ತು, ನಾನು ಒಂಬತ್ತು ದಿನ ತಿಂದಿದ್ದೇನೆ. ಯಹ್ಯಾನನ್ನು ಏನೂ ಅನ್ನಬೇಡ. ನನಗಾಗಿ ಅವನು ಬೆಲಿಂಡಾಳ ಎದುರು ಸುಳ್ಳು ಹೇಳಿದ್ದಾನೆ.

ಹೂಳಿದ ವಿಷಯ ಬೆಲಿಂಡಾಗೆ ಹೇಳಿದೆ. ಒಂಬತ್ತು ದಿನದ ವಿಷಯ ಹೇಳಿಲ್ಲ. ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು, ನಾನು ಅವಳ ತಲೆ ಸವರಿದೆ. ನಾಚಿಕೆಗೆಟ್ಟವಳು ನಾನು. "ಮೊದಲ ಹಿಡಿ ಮಣ್ಣು ಯಾರು ಹಾಕಿದ್ದಂತೆ?" ಎಂದು ಕೇಳಿದಳು. ಕೇಳಿ ಬರೆಯುತ್ತೇನೆ ಎಂದಿದ್ದೇನೆ. ಅಲ್ಲಿ ಯಾರಿದ್ದರು ಎಂದಾದರೂ ನಿನಗೆ ಗೊತ್ತಾಯಿತಾ?

ಪುಸ್ತಕ ಮುಟ್ಟಿಲ್ಲ. ಮೊನ್ನೆ ತರಗತಿಯಲ್ಲಿ ಒಬ್ಬಳು, "ಟೀಚರ್, ದಾರಿಯಲ್ಲಿ ಸತ್ತವರನ್ನು ಎಲ್ಲಿ ಹೂಳ್ತಿದ್ದರು?" ಎಂದು ಕೇಳಿದಳು. ನನ್ನ ಹತ್ತಿರ ಇರುವ ಟಿಪ್ಪಣಿಗಳನ್ನೆಲ್ಲ ತೆಗೆದು ನೋಡಿದೆ. ರೇಷ್ಮೆ ಎಷ್ಟು, ಕಾಳುಮೆಣಸು ಎಷ್ಟು, ಸತ್ತವನ ಸಾಮಾನು ಯಾರಿಗೆ, ಎಲ್ಲ ಬರೆದಿಟ್ಟಿದ್ದಾರೆ. ಆ ಮನುಷ್ಯನನ್ನು ಏನು ಮಾಡಿದರು ಎಂದು ಎಲ್ಲೂ ಸಿಗಲಿಲ್ಲ. ನಾನು ಅರ್ಧ ಓದಿದ್ದನ್ನೇ ದೊಡ್ಡದಾಗಿ ನಿನಗೆ ಬರೆದು ಕಳಿಸಿದೆ.

ಮೆಟಿಲ್ಡಾ


ಅಲ್ ಖೋಬರ್
೨೩ ಮಾರ್ಚ್ ೧೯೮೪, ಶುಕ್ರವಾರ

ಅಕ್ಕ,

ನಿನ್ನ ಕಾಗದ ಬಂದ ಮಾರನೇ ದಿನ ಯಹ್ಯಾ ಬಂದ. ಅವನ ಹತ್ತಿರ ತಪ್ಪಾಯಿತು ಎಂದೆ. ಯಾಕೆ ಎಂದು ಅವನಿಗೆ ಗೊತ್ತಿರಲೇ ಇಲ್ಲ. ಎಲ್ಲ ಹೇಳಿದೆ. "ಅಕ್ಕನಿಗೆ ಬೇಜಾರು ಮಾಡ್ಬೇಡ ಅಂತ ಬರಿ" ಎಂದು ಒಳಗೆ ಹೋಗಿ ಅಕ್ಕಿ ತೊಳೆಯಲು ಕೂತ.

ಈಗ ನನ್ನ ಸರದಿ. ಅವಧಿ ಮುಗಿದಿತ್ತು ಎಂದು ಬರೆದೆನಲ್ಲ, ಅದು ಸುಳ್ಳು. ಕೌಂಟರಿನವನು ಪುಸ್ತಕದ ಜೊತೆ ಒಂದು ಹಾಳೆಯನ್ನೂ ತೋರಿಸಿದ. ಅದರ ಕೆಳಗೆ ನನ್ನ ಸಹಿ ಇತ್ತು. ಅತೀಕ್ ನಜ್ರಾನ್‌ನಿಂದ ಬಂದ ಮೇಲೆ ಅವನ ಹತ್ತಿರ ಓದಿಸಿದೆ. ಮೊದಲ ದಿನ ಸಹಿ ಹಾಕಿದ ಹಾಳೆಗಳಲ್ಲಿ ಅದೊಂದು. "ಮೃತನ ತಮ್ಮನಾದ ನಾನು ಇಲ್ಲೇ ಹೂಳಲು ಒಪ್ಪಿದ್ದೇನೆ" ಎಂದು ಉಂಟಂತೆ. "ಅದೆಲ್ಲ ಒಟ್ಟಿಗೆ ಕೊಡುವ ಫಾರಂಗಳು ಭಾಯಿ, ನಾನೂ ಓದ್ಲಿಲ್ಲ" ಎಂದು ಅವನು ಅತ್ತ. ಅವನನ್ನು ಏನು ಅನ್ನಲಿ? ನಾನು ಕೇಳಲೇ ಇಲ್ಲ. ತಮ್ಮ ಎಂದಕೂಡಲೇ ಕುರ್ಚಿ ಕೊಟ್ಟರು, ಉಂಗುರ ಕೊಟ್ಟರು, ಎಲ್ಲ ನನ್ನ ಕೈಯಲ್ಲಿ ಉಂಟು ಎಂದು ತಿಳಿದೆ. ನಾನು ಸುಮ್ಮನೆ ಕೋಣೆಯವನಾಗಿಯೇ ಇದ್ದಿದ್ದರೆ ಕಂಪನಿ ತಂತಿ ಕೊಡುತ್ತಿತ್ತು, ಹೆಂಡತಿಯ ಕಾಗದ ಬರುವ ತನಕ ಯಾರೂ ಅವನನ್ನು ಮುಟ್ಟುತ್ತಿರಲಿಲ್ಲ.

ಹಾಗಾದರೆ ನಿನ್ನ ಒಂಬತ್ತು ದಿನ ಲೆಕ್ಕಕ್ಕಿಲ್ಲ ಎಂದು ಬರೆಯೋಣ ಎಂದುಕೊಂಡಿದ್ದೆ. ಅತೀಕ್‌ನನ್ನು ಅದನ್ನೂ ಕೇಳಿದೆ. ಹೂಳುವ ಮೊದಲು ಹೆಂಡತಿಯ ಕಾಗದ ಮುಟ್ಟಿದ್ದರೆ ತಮ್ಮನ ಸಹಿ ರದ್ದಾಗುತ್ತಿತ್ತಂತೆ. ಇನ್ನು ನಿನಗೆ ಸುಳ್ಳು ಬರೆಯಲು ನನ್ನಿಂದ ಆಗುವುದಿಲ್ಲ.

ಮಣ್ಣು ಹಾಕುವಾಗ ನಾನು ಇರಲಿಲ್ಲ. ಯಾರು ಹಾಕಿದರು ಎಂದು ಗೊತ್ತಿಲ್ಲ. ಹೋದ ಶುಕ್ರವಾರ ಆ ಜಾಗಕ್ಕೆ ಹೋದೆ. ಗೋಡೆ, ಒಂದು ಗೇಟು, ಮುದುಕ ಕಾವಲುಗಾರ. ಅವನ ಪುಸ್ತಕದಲ್ಲಿ ಹೆಸರಿರುವ ರಕ್ತಸಂಬಂಧಿಗೆ ಮಾತ್ರ ಒಳಗೆ ದಾರಿ. ಅತೀಕ್‌ನನ್ನು ಬಿಡಲಿಲ್ಲ, ನನ್ನನ್ನು ಬಿಟ್ಟ. ಶಿಲುಬೆ ಇಲ್ಲ, ಹೆಸರಿಲ್ಲ. ಒಂದು ಕಲ್ಲು, ನೂರ ಹದಿನೇಳು ಎಂಬ ಅಂಕಿ. ಬಾಯಿ ಬಿಡದೆ ಮನಸ್ಸಿನಲ್ಲೇ ಪ್ರಾರ್ಥನೆ ಹೇಳಿದೆ. ಹತ್ತು ನಿಮಿಷ ನಿಂತೆ.

ಬೆಲಿಂಡಾಗೆ ಎಲ್ಲ ಹೇಳು. ನನ್ನದೂ ನಿನ್ನದೂ. ಅವಳು ಏನು ಬೈದರೂ ಹಾಗೇ ಬರೆದು ಕಳಿಸು. ಮೇ ತಿಂಗಳಲ್ಲಿ ನಾನು ಬರುತ್ತೇನಲ್ಲ, ಅವಳ ಎದುರು ಬಂದು ನಿಲ್ಲುತ್ತೇನೆ. ಉಂಗುರ ನನ್ನ ಹತ್ತಿರವೇ ಉಂಟು.

ಕಾಯೆತಾನ್


ಶಂಕರಪುರ
೯ ಏಪ್ರಿಲ್ ೧೯೮೪

ಪ್ರೀತಿಯ ಕಾಯೆತಾನ್,

ನಿನ್ನ ಕಾಗದವನ್ನು ಬೆಲಿಂಡಾಗೆ ಓದಿ ಹೇಳಿದೆ. ಒಂದಕ್ಷರ ಬಿಡಲಿಲ್ಲ. ನನ್ನ ಒಂಬತ್ತು ದಿನವನ್ನೂ ಹೇಳಿದೆ. ಅವಳು ಎದ್ದು ಮನೆಗೆ ಹೋದಳು. ನಾಲ್ಕು ದಿನ ಬೇಲಿಯ ಈ ಕಡೆ ನೋಡಲಿಲ್ಲ. ಲವೀನಾಳನ್ನೂ ಬರಲು ಬಿಡಲಿಲ್ಲ. ನ್ಯಾಯವೇ.

ಐದನೇ ದಿನ ಬಂದು ಮೆಟ್ಟಿಲ ಮೇಲೆ ಕೂತಳು, ಒಳಗೆ ಬರಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ.

"ಅಲ್ಲಿಯ ಪುಸ್ತಕದಲ್ಲಿ ಕಾಯೆತಾನ್ ಇವರ ತಮ್ಮ ಅಂತ ಈಗಲೂ ಉಂಟಾ?"

ಉಂಟು ಎಂದೆ.

"ನಾನು ಹೋದ್ರೆ ಬಿಡ್ತಾರಾ?"

ನಿನಗೆ ಅಲ್ಲಿಗೆ ಹೋಗಲು ಯಾರು ವೀಸಾ ಕೊಡುತ್ತಾರೆ ಬೆಲಿಂಡಾ ಎಂದೆ.

"ಹಾಗಾದ್ರೆ ಅವನೂ ಬಂದುಬಿಟ್ಟರೆ ಅಲ್ಲಿಗೆ ಹೋಗುವವರು ಯಾರೂ ಇಲ್ಲ. ನವೆಂಬರ್ ಎರಡಕ್ಕೆ, ಸತ್ತವರ ದಿನ ಅಂತ, ಇಲ್ಲಿ ಎಲ್ಲರ ಸಮಾಧಿಗೂ ಮೊಂಬತ್ತಿ ಇಡ್ತಾರೆ. ಇವರಿಗೆ ಮೊಂಬತ್ತಿ ಬೇಡ, ಯಾರಾದ್ರೂ ಒಬ್ಬರು ಹೋಗಿ ನಿಂತರೆ ಸಾಕು. ಅವನಿಗೆ ಹೇಳು, ಇವರನ್ನು ಒಬ್ಬರೇ ಬಿಟ್ಟು ಬರಬೇಡ ಅಂತ. ತಮ್ಮ ಅಂತ ಬರೆಸಿದ್ದು ಅವನೇ ಅಲ್ವಾ?"

ಇಷ್ಟು ಹೇಳಿ ಹೋದಳು.

ಕಾಯೆತಾನ್, ನಾನು ಏನು ಬರೆಯಲಿ? ಬಾ ಎಂದು ಬರೆಯಲು ನನಗೆ ಬಾಯಿಲ್ಲ. ಇರು ಎಂದು ಬರೆಯಲು ಕೈ ಬರುವುದಿಲ್ಲ. ನಿನ್ನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ.

ಅಕ್ಕ


ಅಲ್ ಖೋಬರ್
೨೭ ಏಪ್ರಿಲ್ ೧೯೮೪, ಶುಕ್ರವಾರ

ಪ್ರೀತಿಯ ಅಕ್ಕ,

ಬೆಳಿಗ್ಗೆ ಅಲ್ಲಿಗೆ ಹೋಗಿ ಬಂದೆ. ಕಾವಲುಗಾರನಿಗೆ ಈಗ ನನ್ನ ಗುರುತು ಸಿಕ್ಕಿದೆ, ಪುಸ್ತಕ ತೆರೆಯುವುದಿಲ್ಲ. ಪಕ್ಕದಲ್ಲಿ ನೂರ ಹದಿನೆಂಟು ಬಂದಿದೆ. ಯಾರು ಎಂದು ತಿಳಿಯಲಿಲ್ಲ. ಅಲ್ಲಿಯೂ ಸ್ವಲ್ಪ ಹೊತ್ತು ನಿಂತೆ.

ನಿನ್ನೆ ಅತೀಕ್‌ನ ಕೈಯಲ್ಲಿ ಇಕಾಮಾ ಕೊಟ್ಟೆ. ಊರಿಗೆ ಹೋಗುವ ಮುದ್ರೆಗೆ ತಾನೇ ಎಂದು ಕೇಳಿದ. ಅಲ್ಲ, ಇನ್ನೂ ಎರಡು ವರ್ಷ ಇಲ್ಲಿರಲು ಹೊಸದು ಮಾಡಿಸು ಎಂದೆ. ಸಹಿ ಹಾಕುವ ಮೊದಲು ಪ್ರತಿ ಹಾಳೆಯನ್ನೂ ಓದಿಸಿ ಕೇಳಿದೆ. ಯಾವುದರಲ್ಲೂ ತಪ್ಪಿರಲಿಲ್ಲ.

ಬೆಲಿಂಡಾಗೆ ಹೇಳು, ನಾನು ಇಲ್ಲೇ ಇದ್ದೇನೆ.

ಕಾಯೆತಾನ್